ನಗರದ ನೀರು ಪೂರೈಕೆ ‘ಶೇ. 90ರಷ್ಟು ವಿಶ್ವಾಸಾರ್ಹ’ ಎಂದರೆ ಏನನ್ನು ಅಳೆದಂತಾಯಿತು? ತುಮಕೂರಿನ ಮಾದರಿಯೊಂದರ ಕುರಿತು

ಪ್ರಶ್ನೆ: ಕ್ಯಾತಸಂದ್ರ ನಿವಾಸಿ

ತುಮಕೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕಾಗಿ ನೀರು ಪೂರೈಕೆಯ ಬಗ್ಗೆ ಒಂದು ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕೆಲಸ ಮಾಡಿದ್ದೆಲ್ಲ ಕಟ್ಟಡಗಳ ವಿನ್ಯಾಸದಲ್ಲಿ. ಆದ್ದರಿಂದ ಜಲವಿಜ್ಞಾನ ಬಲ್ಲವರ ಮುಂದೆ ಈ ಪ್ರಶ್ನೆಯನ್ನು ಇಡುತ್ತಿದ್ದೇನೆ.

ನಮ್ಮ ಊರಿನ ಕುಡಿಯುವ ನೀರಿನ ಬಹುಪಾಲು ಹೇಮಾವತಿಯದು. ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಬಂದ ನೀರು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಪಂಪ್ ಆಗಿ ಶುದ್ಧೀಕರಣ ಘಟಕಕ್ಕೆ, ಆಮೇಲೆ ಬಡಾವಣೆಗಳ ಓವರ್‌ಹೆಡ್ ಟ್ಯಾಂಕುಗಳಿಗೆ, ಕೊನೆಗೆ ಸರದಿಯ ಪ್ರಕಾರ ಬೀದಿಗಳಿಗೆ ಹೋಗುತ್ತದೆ. ನಾಲೆಯಲ್ಲಿ ನೀರು ಹರಿಯುವುದು ವರ್ಷದ ಕೆಲವು ತಿಂಗಳು ಮಾತ್ರ. ಉಳಿದ ಕಾಲಕ್ಕೆ ಕೆರೆಯಲ್ಲಿ ನಿಂತದ್ದೇ ಗತಿ, ಜೊತೆಗೆ ಬೋರ್‌ವೆಲ್‌ಗಳು.

ನನ್ನ ಸರಳ ಲೆಕ್ಕ ಹೀಗಿದೆ. ನಗರದ ಜನಸಂಖ್ಯೆಯನ್ನು ನಾಲ್ಕು ಲಕ್ಷ ಎಂದು ಹಿಡಿದು, ಒಳಚರಂಡಿ ಇರುವ ನಗರಗಳಿಗೆ ನಿಗದಿಯಾಗಿರುವ ತಲಾ 135 ಲೀಟರಿನಂತೆ ಗುಣಿಸಿದರೆ 54 ಎಂ.ಎಲ್.ಡಿ., ಅಂದರೆ ದಿನಕ್ಕೆ 5.4 ಕೋಟಿ ಲೀಟರ್ ಬೇಕು. ಅದು ವರ್ಷಕ್ಕೆ ಸುಮಾರು 0.7 ಟಿ.ಎಂ.ಸಿ. ಗೊರೂರಿನ ಜಲಾಶಯದ ಸಾಮರ್ಥ್ಯ 37.1 ಟಿ.ಎಂ.ಸಿ. ಆಗಿರುವಾಗ, ನಗರಕ್ಕೆ ಬೇಕಾದದ್ದು ಅದರ ನೂರರಲ್ಲಿ ಎರಡು ಪಾಲೂ ಅಲ್ಲ. ಕಾಗದದ ಮೇಲೆ ಇಷ್ಟು ನಿರಾಳವಾಗಿರುವ ವ್ಯವಸ್ಥೆಯಲ್ಲಿ ಬೇಸಿಗೆ ಬಂದೊಡನೆ ಮೂರು ದಿನಕ್ಕೊಮ್ಮೆಯ ಸರದಿ ಐದು ದಿನಕ್ಕೆ, ಕೆಲವೊಮ್ಮೆ ವಾರಕ್ಕೆ ಹೋಗುವುದೇಕೆ? ಇಂತಹ ಪೂರೈಕೆಯ ವಿಶ್ವಾಸಾರ್ಹತೆಯನ್ನು ಗಣಿತದ ಮಾದರಿಯ ಮೂಲಕ ಒಂದು ಸಂಖ್ಯೆಯಾಗಿ ಹೇಳುವುದಾದರೆ, ಅದನ್ನು ಕೆರೆಯಲ್ಲಿ ಅಳೆಯಬೇಕೋ, ಓವರ್‌ಹೆಡ್ ಟ್ಯಾಂಕಿನಲ್ಲೋ, ನಲ್ಲಿಯಲ್ಲೋ? ‘ನಮ್ಮ ಪೂರೈಕೆ ಶೇ. 90ರಷ್ಟು ವಿಶ್ವಾಸಾರ್ಹ’ ಎಂದು ಯಾರಾದರೂ ಹೇಳಿದರೆ ಅವರಿಗೆ ಯಾವ ಮರುಪ್ರಶ್ನೆಗಳನ್ನು ಹಾಕಬೇಕು?

ಉತ್ತರ 1: ನಾಲೆಯ ಲೆಕ್ಕದವರು

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ವರ್ಷದ ಲೆಕ್ಕ. ತುಮಕೂರಿನ ಕಷ್ಟವಿರುವುದು ವರ್ಷದ ಮೊತ್ತದಲ್ಲಲ್ಲ, ನಾಲೆ ನಿಂತ ದಿನಕ್ಕೂ ಮತ್ತೆ ಹರಿಯುವ ದಿನಕ್ಕೂ ನಡುವಿನ ಅಂತರದಲ್ಲಿ. ಗೊರೂರಿನಲ್ಲಿ ನೀರಿದ್ದ ಮಾತ್ರಕ್ಕೆ ಬುಗುಡನಹಳ್ಳಿಯಲ್ಲಿ ನೀರಿರುವುದಿಲ್ಲ. ನಡುವೆ ಬಾಗೂರು-ನವಿಲೆ ಸುರಂಗವಿದೆ, ತಿಪಟೂರು, ತುರುವೇಕೆರೆ, ಗುಬ್ಬಿ ಸೀಮೆಯ ಉದ್ದನೆಯ ನಾಲೆಯಿದೆ, ದಾರಿಯಲ್ಲಿ ತುಂಬಬೇಕಾದ ಕೆರೆಗಳಿವೆ, ನೀರಾವರಿ ಸಲಹಾ ಸಮಿತಿಯ ತೀರ್ಮಾನವಿದೆ, ಇವೆಲ್ಲದರ ಮೇಲೆ ಕಾವೇರಿ ತೀರ್ಪಿನ ಮಿತಿಯಿದೆ. ಈ ಕಾರಣಕ್ಕೆ ಮಾದರಿಯ ಒಳಹರಿವಿಗೆ ಮಳೆಯ ಅಂಕಿಅಂಶವನ್ನು ನೇರವಾಗಿ ಕೊಡಬೇಡಿ. ಮೂಡಿಗೆರೆ, ಸಕಲೇಶಪುರದ ಮಳೆ ಗೊರೂರಿನ ಮಟ್ಟವನ್ನು ತೀರ್ಮಾನಿಸುತ್ತದೆ. ನಿಮ್ಮ ಕೆರೆಯ ಮಟ್ಟವನ್ನು ತೀರ್ಮಾನಿಸುವುದು ಗೇಟು ತೆಗೆದ ದಿನ, ಮುಚ್ಚಿದ ದಿನ ಮತ್ತು ನಾಲೆಯ ಕೊನೆಗೆ ತಲುಪಿದ ಪ್ರಮಾಣ.

ಕೆರೆಯ ಮಾದರಿ ಬಹಳ ಸರಳ. ಇಂದಿನ ಸಂಗ್ರಹಕ್ಕೆ ನಾಲೆಯ ಒಳಹರಿವನ್ನೂ ಕೆರೆಯ ಮೇಲೆ ಬಿದ್ದ ಮಳೆಯನ್ನೂ ಕೂಡಿಸಿ, ಆವಿಯಾದದ್ದು, ಬಸಿದದ್ದು, ಪಂಪು ಎಳೆದದ್ದು, ಕೋಡಿ ಹರಿದದ್ದು ಇಷ್ಟನ್ನು ಕಳೆದರೆ ನಾಳಿನ ಸಂಗ್ರಹ ಸಿಗುತ್ತದೆ. 1883ರಲ್ಲಿ ರಿಪ್ಪಲ್ ಎಂಬ ಎಂಜಿನಿಯರ್ ಜಲಾಶಯದ ಗಾತ್ರ ನಿರ್ಧರಿಸಲು, ಒಳಹರಿವನ್ನು ಕೂಡಿಸುತ್ತಾ ಹೋಗುವ ಮೊತ್ತರೇಖೆಯನ್ನು ಎಳೆದ ಕಾಲದಿಂದ ಈ ತರ್ಕ ಬದಲಾಗಿಲ್ಲ. ಈಗ ಅದನ್ನು ಸ್ಪ್ರೆಡ್‌ಶೀಟಿನಲ್ಲಿ ದಿನದಿನಕ್ಕೆ ಓಡಿಸಬಹುದು, ಅಷ್ಟೇ.

ಉದಾಹರಣೆಗೆ, ಕೆರೆಯಲ್ಲಿ ಬಳಕೆಗೆ ಒದಗುವ ಸಂಗ್ರಹ 300 ಎಂ.ಸಿ.ಎಫ್.ಟಿ. (ಒಂದು ಎಂ.ಸಿ.ಎಫ್.ಟಿ. ಎಂದರೆ ಹತ್ತು ಲಕ್ಷ ಘನ ಅಡಿ, ಟಿ.ಎಂ.ಸಿ.ಯ ಸಾವಿರದಲ್ಲೊಂದು ಪಾಲು) ಎಂದೂ, ದಿನದ ಎಳೆತ 2 ಎಂ.ಸಿ.ಎಫ್.ಟಿ. ಎಂದೂ ಇಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು, ಅಳೆದವಲ್ಲ. ಡಿಸೆಂಬರ್ ಕೊನೆಗೆ ನಾಲೆ ನಿಂತರೆ 150 ದಿನ, ಅಂದರೆ ಮೇ ಅಂತ್ಯದವರೆಗೆ ಸಾಕು ಎನ್ನಿಸುತ್ತದೆ. ಈಗ ಆವಿಯನ್ನು ಸೇರಿಸಿ. ನೀರಿನ ಮೇಲ್ಮೈ ಎರಡು ಚದರ ಕಿಲೋಮೀಟರ್ ಇದ್ದು, ಬಿಸಿಲಿಗೆ ದಿನಕ್ಕೆ 6 ಮಿಲಿಮೀಟರ್ ಹೋದರೆ, ದಿನಕ್ಕೆ 1.2 ಕೋಟಿ ಲೀಟರ್, ಅಂದರೆ 0.42 ಎಂ.ಸಿ.ಎಫ್.ಟಿ. ಯಾರಿಗೂ ಸಿಗದೆ ಹೋಗುತ್ತದೆ. 150 ದಿನಗಳ ನೀರು 124 ದಿನಗಳಿಗೆ ಇಳಿದು, ಮೇ ಮೊದಲ ವಾರದಲ್ಲೇ ಕೆರೆ ತಳ ಕಾಣುತ್ತದೆ. ನೀರು ಇಳಿದಂತೆ ಮೇಲ್ಮೈಯೂ ಕುಗ್ಗುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಹೂಳು ತುಂಬಿ ಕೆರೆ ಆಳವಿಲ್ಲದೆ ಹರಡಿಕೊಂಡಿದ್ದರೆ ಇನ್ನೂ ಹೆಚ್ಚಾಗುತ್ತದೆ. ಮುಂಗಾರಿನ ನೀರು ನಾಲೆಗೆ ಬಿಟ್ಟು ಇಲ್ಲಿಗೆ ಮುಟ್ಟುವುದು ಆಗಸ್ಟ್ ಎಂದುಕೊಂಡರೂ ನಡುವೆ ಮೂರು ತಿಂಗಳ ಕಂದಕ ಉಳಿಯಿತು. ನಿಮ್ಮ 37 ಟಿ.ಎಂ.ಸಿ.ಗೆ ಈ ಕಂದಕವನ್ನು ತುಂಬುವ ದಾರಿಯಿಲ್ಲ.

ಇನ್ನು ಶೇ. 90ರ ವಿಚಾರ. 1982ರಲ್ಲಿ ಹಾಶಿಮೊಟೊ, ಸ್ಟೆಡಿಂಗರ್ ಮತ್ತು ಲೌಕ್ಸ್ ಎಂಬ ಮೂವರು, ಜಲವ್ಯವಸ್ಥೆಯನ್ನು ಒಂದೇ ಅಳತೆಯಿಂದ ತೂಗಬಾರದೆಂದು ವಾದಿಸಿ ಮೂರು ಅಳತೆಗಳನ್ನು ಮುಂದಿಟ್ಟರು. ಒಟ್ಟು ಅವಧಿಯಲ್ಲಿ ಎಷ್ಟು ಪಾಲು ಬೇಡಿಕೆ ಪೂರೈಸಿತು ಎಂಬುದು ವಿಶ್ವಾಸಾರ್ಹತೆ. ಒಮ್ಮೆ ವಿಫಲವಾದ ಮೇಲೆ ಎಷ್ಟು ಬೇಗ ಸರಿದಾರಿಗೆ ಬರುತ್ತದೆ ಎಂಬುದು ಚೇತರಿಕೆ. ವಿಫಲವಾದಾಗ ಕೊರತೆ ಎಷ್ಟು ಆಳವಾಗಿತ್ತು ಎಂಬುದು ಮೂರನೆಯದು. ಈ ಮೂರೂ ಏಕೆ ಬೇಕೆಂದರೆ, 30 ವರ್ಷಗಳ 360 ತಿಂಗಳುಗಳನ್ನು ಎರಡು ಊರುಗಳಿಗೆ ಓಡಿಸಿದಿರಿ ಎನ್ನಿ. ಎರಡರಲ್ಲೂ 36 ತಿಂಗಳು ನೀರು ಸಾಲಲಿಲ್ಲ, ಎರಡಕ್ಕೂ ಶೇ. 90. ಆದರೆ ಮೊದಲ ಊರಿನಲ್ಲಿ ಆ 36 ತಿಂಗಳು ಬಿಡಿಬಿಡಿಯಾಗಿ, ಪ್ರತಿ ವರ್ಷವೂ ಒಂದೊಂದರಂತೆ, ಅಪರೂಪಕ್ಕೆ ಎರಡರಂತೆ ಬಂದವು. ಎರಡನೆಯದರಲ್ಲಿ ಆರು ಕೆಟ್ಟ ವರ್ಷಗಳಲ್ಲಿ ಆರಾರು ತಿಂಗಳಂತೆ ಗುಂಪಾಗಿ ಬಂದವು. ‘ಒಂದು ತಿಂಗಳೂ ಕೊರತೆಯಿಲ್ಲದ ವರ್ಷಗಳೆಷ್ಟು’ ಎಂದು ಕೇಳಿದರೆ ಮೊದಲ ಊರಿಗೆ ಸೊನ್ನೆ, ಎರಡನೆಯದಕ್ಕೆ ಶೇ. 80. ಚೇತರಿಕೆಯನ್ನು ಕೇಳಿದರೆ ಮೊದಲನೆಯದು ಮರುತಿಂಗಳೇ ಎದ್ದು ನಿಲ್ಲುತ್ತದೆ, ಎರಡನೆಯದು ಅರ್ಧ ವರ್ಷ ನರಳುತ್ತದೆ. ಆದ್ದರಿಂದ ನಿಮ್ಮ ಮೊದಲ ಮರುಪ್ರಶ್ನೆ, ‘ಶೇ. 90 ಎಂದರೆ ದಿನಗಳಲ್ಲೋ, ತಿಂಗಳುಗಳಲ್ಲೋ, ವರ್ಷಗಳಲ್ಲೋ, ಅಥವಾ ನೀರಿನ ಪ್ರಮಾಣದಲ್ಲೋ?’ ಎಂಬುದಾಗಿರಲಿ.

ಇನ್ನೊಂದು ಸೂಕ್ಷ್ಮವಿದೆ. ಜಾಗರೂಕ ಅಧಿಕಾರಿಯೊಬ್ಬರು ಫೆಬ್ರವರಿಯಲ್ಲೇ ಕೆರೆಯ ಮಟ್ಟ ನೋಡಿ ಪೂರೈಕೆಯನ್ನು ಕಾಲು ಪಾಲು ಕಡಿತ ಮಾಡುತ್ತಾರೆ. ಮಾದರಿಯಲ್ಲಿ ಆ ತಿಂಗಳುಗಳೆಲ್ಲ ‘ವಿಫಲ’ ಎಂದು ದಾಖಲಾಗುತ್ತವೆ. ಕಡಿತವನ್ನೇ ಮಾಡದೆ ಏಪ್ರಿಲ್‌ವರೆಗೆ ಧಾರಾಳವಾಗಿ ಬಿಟ್ಟು, ಮೇ ತಿಂಗಳಲ್ಲಿ ಕೈಚೆಲ್ಲಿದವರಿಗೆ ವಿಶ್ವಾಸಾರ್ಹತೆಯ ಸಂಖ್ಯೆ ಹೆಚ್ಚು ಬರುತ್ತದೆ. ಕೊರತೆಯ ಆಳವನ್ನು ಪಕ್ಕದಲ್ಲಿ ಇಡದಿದ್ದರೆ ಈ ಅಳತೆ ಒಳ್ಳೆಯ ನಿರ್ವಹಣೆಯನ್ನೇ ದಂಡಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ವಿಶ್ವಾಸಾರ್ಹತೆಯ ಒಂಟಿ ಸಂಖ್ಯೆಯನ್ನು ಪ್ರಕಟಿಸುವುದಕ್ಕಿಂತ ಏನನ್ನೂ ಪ್ರಕಟಿಸದಿರುವುದು ಲೇಸು.

ಮುಂದಿನ ವರ್ಷಗಳ ಒಳಹರಿವನ್ನು ಯಾದೃಚ್ಛಿಕವಾಗಿ ಸೃಷ್ಟಿಸುವಾಗ ಪ್ರತಿ ವರ್ಷವನ್ನೂ ಬೇರೆ ಬೇರೆಯಾಗಿ ಚೀಟಿ ಎತ್ತಿದಂತೆ ಎತ್ತಬೇಡಿ. ಬರ ಒಂಟಿಯಾಗಿ ಬರುವುದಿಲ್ಲ. ಒಂದು ವರ್ಷದ ಕೊರತೆಯಿಂದ ಕೆರೆ ಖಾಲಿಯಾದ ಮೇಲೆಯೇ ಎರಡನೆಯ ವರ್ಷದ ಕೊರತೆ ಹೊಡೆಯುತ್ತದೆ. ಹಾಗೆಯೇ, ಹೇಮಾವತಿಗೆ ಬರ ಬಂದಾಗ ಸ್ಥಳೀಯ ಬೋರ್‌ವೆಲ್‌ಗಳು ಕೈ ಹಿಡಿಯುತ್ತವೆ ಎಂಬ ಊಹೆಯನ್ನೂ ಪರೀಕ್ಷಿಸಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ಅಂದರೆ ಮಲೆನಾಡೂ ಬಯಲುಸೀಮೆಯೂ ಒಟ್ಟಿಗೇ ಸೋತವು. ದಾಖಲೆಯಲ್ಲಿರುವ ವರ್ಷಗಳನ್ನು ಮೂರು ಮೂರರ ತುಂಡುಗಳಾಗಿ, ನಾಲೆ ಮತ್ತು ಸ್ಥಳೀಯ ಮಳೆ ಎರಡನ್ನೂ ಜೋಡಿಯಾಗಿಯೇ ಎತ್ತಿಕೊಂಡು ಮರುಜೋಡಿಸುವುದು ನಿಮ್ಮಂತಹ ಸಣ್ಣ ಅಧ್ಯಯನಕ್ಕೆ ಸಾಕಾಗುವ ಉಪಾಯ.

ಉತ್ತರ 2: ಕೊಳವೆಜಾಲ

ಮೇಲಿನವರು ಕೆರೆಯವರೆಗೆ ಹೇಳಿದ್ದಾರೆ. ಕೆರೆಯಿಂದ ನಲ್ಲಿಯವರೆಗಿನದು ಬೇರೆ ಗಣಿತ.

ಮೊದಲು ಯಂತ್ರಗಳ ಕಡೆ. ಪಂಪೊಂದು ನೂರು ಗಂಟೆಗಳಲ್ಲಿ 95 ಗಂಟೆ ಕೆಲಸಕ್ಕೆ ಸಿದ್ಧವಿರುತ್ತದೆ ಎಂದುಕೊಳ್ಳಿ. ಬದಲಿ ಪಂಪನ್ನು ಕೂಡಿಸಿದರೆ ಎರಡೂ ಒಮ್ಮೆಲೇ ಕೆಡುವ ಸಂಭವ 0.05ರ ವರ್ಗ, ಆದ್ದರಿಂದ ಲಭ್ಯತೆ ಶೇ. 99.75. ಆದರೆ ಎರಡೂ ಪಂಪುಗಳಿಗೆ ಒಂದೇ ವಿದ್ಯುತ್ ಫೀಡರ್ ಇದ್ದು, ಅದರ ಲಭ್ಯತೆ ಶೇ. 97 ಇದ್ದರೆ, ಒಟ್ಟು ಲಭ್ಯತೆ ಶೇ. 96.8ಕ್ಕೆ ಬಂದು ನಿಲ್ಲುತ್ತದೆ. ಮೂರನೆಯ ಪಂಪು ತಂದರೂ ಅದು 97ನ್ನು ದಾಟದು. ಯೋಜನಾ ವರದಿಗಳಲ್ಲಿ ಬದಲಿ ಪಂಪುಗಳನ್ನು ಎಣಿಸಿ ಸಮಾಧಾನಪಡುವುದನ್ನು ಬಹಳ ಕಂಡಿದ್ದೇನೆ. ಎರಡನೆಯ ಫೀಡರ್ ಬಗ್ಗೆ, ಪಂಪಿನಿಂದ ನೀರೇರಿಸುವ, ಒಂದೇ ಸಾಲಾಗಿ ಬರುವ ಮುಖ್ಯ ಕೊಳವೆಯ (ರೈಸಿಂಗ್ ಮೈನ್) ಬಗ್ಗೆ ಯಾರೂ ಕೇಳುವುದಿಲ್ಲ.

ಇನ್ನು ಬೀದಿಯ ಕೊಳವೆಗಳು. ಇದಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದ ಇಪಿಎನೆಟ್ ಎಂಬ ಉಚಿತ ತಂತ್ರಾಂಶವನ್ನು ಬಹಳ ಮಂದಿ ಬಳಸುತ್ತಾರೆ. ಆದರೆ ಅದನ್ನು ಹುಟ್ಟಿಸಿದ್ದು ದಿನವಿಡೀ ಒತ್ತಡವಿರುವ ಕೊಳವೆಗಳಿಗಾಗಿ. ಅದರ ಮೂಲ ವಿಧಾನದಲ್ಲಿ ಕೊಳವೆಗಳು ಸೇರುವ ಪ್ರತಿ ಕೂಡುಗೆಯ ಬೇಡಿಕೆಯನ್ನು ನೀವೇ ಕೊಡುತ್ತೀರಿ. ತಂತ್ರಾಂಶ ಆ ಬೇಡಿಕೆ ಪೂರೈಕೆಯಾಯಿತೆಂದೇ ನಂಬಿ ಒತ್ತಡವನ್ನು ಲೆಕ್ಕ ಹಾಕುತ್ತದೆ. ನೀರು ಸಾಲದೇ ಹೋದಲ್ಲಿ ಬೇಡಿಕೆಯನ್ನು ಕಡಿಮೆ ಮಾಡುವ ಬದಲು ಋಣಾತ್ಮಕ ಒತ್ತಡ ತೋರಿಸುತ್ತದೆ. ಅಂತಹ ಫಲಿತಾಂಶ ಇಟ್ಟುಕೊಂಡು ‘ಬೇಡಿಕೆ ಪೂರ್ತಿ ಈಡೇರಿದೆ’ ಎಂದು ಬರೆದ ವರದಿಗಳು ಇಲ್ಲದಿಲ್ಲ. 2020ರ 2.2 ಆವೃತ್ತಿಯಿಂದ ಒತ್ತಡವನ್ನು ಆಧರಿಸಿ ಬೇಡಿಕೆಯನ್ನು ಲೆಕ್ಕ ಹಾಕುವ ಸೌಲಭ್ಯ ಬಂದಿದೆ. ನೀವು ಅದನ್ನೇ ಆಯ್ದುಕೊಳ್ಳಬೇಕು.

ಅದಕ್ಕಿಂತ ಮುಖ್ಯವಾದದ್ದು ಸಂಪು. ಸರದಿಯ ನೀರು ಬರುವ ಊರಿನಲ್ಲಿ ನಲ್ಲಿ ತೆರೆದೇ ಇರುತ್ತದೆ, ನೀರು ನೆಲದೊಳಗಿನ ಸಂಪಿಗೆ ಬೀಳುತ್ತದೆ. ಯಾರಿಗೆಷ್ಟು ಬೇಕು ಎಂಬುದರಿಂದಲ್ಲ, ಅಲ್ಲಿ ಎಷ್ಟು ಒತ್ತಡವಿದೆ ಎಂಬುದರಿಂದ ಹರಿವು ತೀರ್ಮಾನವಾಗುತ್ತದೆ, ಮತ್ತು ಅದು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ನೀರಿನ ಕಂಬದ ಎತ್ತರದಲ್ಲಿ ಅಳೆದಾಗ ಓವರ್‌ಹೆಡ್ ಟ್ಯಾಂಕಿನ ಬುಡದ ಮನೆಯಲ್ಲಿ 9 ಮೀಟರ್, ಬೀದಿಯ ಕೊನೆಯ ಮನೆಯಲ್ಲಿ 1 ಮೀಟರ್ ಒತ್ತಡವಿದ್ದರೆ ಹರಿವು ಮೂರಕ್ಕೆ ಒಂದು. ಬುಡದ ಮನೆಗೆ ನಿಮಿಷಕ್ಕೆ 30 ಲೀಟರ್ ಬಂದರೆ ಕೊನೆಯ ಮನೆಗೆ 10. ಎರಡು ಸಾವಿರ ಲೀಟರಿನ ಸಂಪು ಬುಡದಲ್ಲಿ ಒಂದು ಗಂಟೆ ಏಳು ನಿಮಿಷಕ್ಕೆ ತುಂಬುತ್ತದೆ. ಕೊನೆಯಲ್ಲಿ ಎರಡು ಗಂಟೆ ಬಿಟ್ಟರೂ 1,200 ಲೀಟರ್ ಮಾತ್ರ. ತುಂಬಿದ ಸಂಪಿಗೆ ತಾನಾಗಿಯೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ಇದ್ದರೆ ಅಲ್ಲಿಂದ ಮುಂದೆ ಆ ಒತ್ತಡ ಬೀದಿಯ ಕೊನೆಗೆ ಸಾಗುತ್ತದೆ. ಇಲ್ಲದಿದ್ದರೆ ಉಳಿದ ನೀರು ಚರಂಡಿಗೆ ಹೋಗುತ್ತದೆ. ಮಾದರಿಯಲ್ಲಿ ಮೇಲ್ತುದಿಯ ಮನೆಗಳಿಗೆಲ್ಲ ಫ್ಲೋಟ್ ವಾಲ್ವ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಓಡಿಸಿ ನೋಡಿ. ಒಂದು ಹನಿಯೂ ಹೆಚ್ಚು ನೀರು ಪಂಪ್ ಮಾಡದೆ ಕೊನೆಯ ಮನೆಗಳ ಅಂಕಿ ಎಷ್ಟು ಬದಲಾಗುತ್ತದೆ ಎಂಬುದು ನಿಮ್ಮ ಸಂಘದ ಟಿಪ್ಪಣಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಕೊಳವೆಗೇ ನೇರವಾಗಿ ಮೋಟಾರು ಹಚ್ಚುವ ಮನೆಗಳಿದ್ದರೆ ಅವನ್ನೂ ಸೇರಿಸಿ. ಅವು ಪಕ್ಕದವರ ಒತ್ತಡವನ್ನು ಸೊನ್ನೆಗಿಂತ ಕೆಳಗೆ ಎಳೆದು, ಸೋರುವ ಜಾಗಗಳಿಂದ ಕೊಳೆನೀರು ಒಳಗೆ ಬರಲು ದಾರಿ ಮಾಡುತ್ತವೆ.

ಆದ ಕಾರಣ ಗುಣಮಟ್ಟವನ್ನೂ ‘ವಿಫಲ’ದ ವ್ಯಾಖ್ಯೆಯೊಳಗೆ ತನ್ನಿ. ಹುಬ್ಬಳ್ಳಿ-ಧಾರವಾಡದಲ್ಲಿ ದಿನವಿಡೀ ನೀರಿರುವ ವಲಯಗಳನ್ನೂ ಬಿಟ್ಟು ಬಿಟ್ಟು ಬರುವ ವಲಯಗಳನ್ನೂ ಹೋಲಿಸಿ ನಡೆದ ಅಧ್ಯಯನದಲ್ಲಿ, ಎರಡನೆಯ ಬಗೆಯ ವಲಯಗಳ ನಲ್ಲಿಗಳಲ್ಲಿ ಬ್ಯಾಕ್ಟೀರಿಯಾ ಮಾಲಿನ್ಯ ಹೆಚ್ಚು ಕಂಡುಬಂದಿತ್ತು. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇಲ್ಲದ ದಿನವನ್ನು ನೀರು ಬಂದ ದಿನವೆಂದು ನಾನಾದರೆ ಎಣಿಸುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಕ್ಯಾತಸಂದ್ರ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ಮೇಲಿನ ಉತ್ತರ ಓದಿದ ಮೇಲೆ ಬೆಳಿಗ್ಗೆ ನೀರು ಬಿಡುವವರ ಜೊತೆ ಹೋಗಿ ನೋಡಿದೆ. ರಸ್ತೆಯ ಚೇಂಬರಿನ ಮುಚ್ಚಳ ಎತ್ತಿ, ಉದ್ದನೆಯ ಟೀ ಆಕಾರದ ಕೀಲಿಯನ್ನು ಇಳಿಸಿ, ಎಷ್ಟು ಸುತ್ತು ಬಿಟ್ಟೆನೆಂದು ಅವರು ಬಾಯಲ್ಲೇ ಎಣಿಸುತ್ತಾರೆ. ಯಾವ ಬೀದಿಗೆ ಎಷ್ಟು ಸುತ್ತು ಎಂಬುದು ಯಾವ ನಕ್ಷೆಯಲ್ಲೂ ಇಲ್ಲ, ಅವರ ನೆನಪಿನಲ್ಲಿದೆ. ಮೊದಲ ಮನೆಯಲ್ಲಿ ನೀರು ಬೀಳುವ ಸದ್ದು ಕೇಳಿದ ಮೇಲೂ ಬೀದಿಯ ಕೊನೆಯ ನಲ್ಲಿ ಬಹಳ ಹೊತ್ತು ಬರೀ ಗಾಳಿಯನ್ನು ಊದುತ್ತಿತ್ತು.

ಅದೇ ಬೀದಿಯಲ್ಲಿ ಒಂದು ಕಡೆ ದೊಡ್ಡ ಸಂಪು, ಮಾಳಿಗೆಯ ಮೇಲೆ ಎರಡು ಟ್ಯಾಂಕು ಇರುವ ಮನೆ. ಇನ್ನೊಂದು ಕಡೆ ಸಾಲಾಗಿ ಬಾಡಿಗೆ ಕೋಣೆಗಳು, ಪ್ರತಿ ಬಾಗಿಲಿಗೊಂದು ನೀಲಿ ಡ್ರಮ್ಮು. ನೀರು ಒಂದೇ ದಿನ, ಒಂದೇ ಕೊಳವೆಯಲ್ಲಿ ಬರುತ್ತದೆ. ಇವರಿಬ್ಬರಿಗೂ ಒಂದೇ ವಿಶ್ವಾಸಾರ್ಹತೆ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಇದನ್ನು ಲೆಕ್ಕಕ್ಕೆ ತರುವ ವಿಧಾನವಿದೆಯೇ?

ಉತ್ತರ 3: ಸಂಭವನೀಯತೆ ಮೇಷ್ಟ್ರು

ಇದೆ, ಮತ್ತು ಅದಕ್ಕೆ ತಂತ್ರಾಂಶವೇ ಬೇಡ. ಮೂರು ದಿನಕ್ಕೊಮ್ಮೆ ಸರದಿ; ಹತ್ತು ಸರದಿಗಳಲ್ಲಿ ಒಂದು ಯಾವುದೋ ಕಾರಣಕ್ಕೆ ತಪ್ಪುತ್ತದೆ; ಪ್ರತಿ ಸರದಿಯ ತಪ್ಪು ಹಿಂದಿನದಕ್ಕೆ ಸಂಬಂಧಿಸಿಲ್ಲ; ನೀರು ಬಂದಾಗ ಮನೆಯ ಸಂಗ್ರಹ ಪೂರ್ತಿ ತುಂಬುತ್ತದೆ. ಇಷ್ಟು ಊಹೆಗಳನ್ನು ಇಟ್ಟುಕೊಂಡು, ಬಂದ ಒಂದು ಸರದಿಯಿಂದ ಬಂದ ಮುಂದಿನ ಸರದಿಯವರೆಗಿನ ಅವಧಿಯನ್ನು ಒಂದು ಆವರ್ತ ಎನ್ನೋಣ. ಸರಾಸರಿ ಆವರ್ತ 3ನ್ನು 0.9ರಿಂದ ಭಾಗಿಸಿದಷ್ಟು, ಅಂದರೆ 3.33 ದಿನ.

ಐದು ಜನರ ಮನೆ ದಿನಕ್ಕೆ 500 ಲೀಟರ್ ಬಳಸಿದರೆ 2,000 ಲೀಟರಿನ ಸಂಪು ನಾಲ್ಕು ದಿನಕ್ಕೆ ಸಾಕು. ಸರದಿ ತಪ್ಪದಿದ್ದರೆ ಒಣ ದಿನವಿಲ್ಲ. ಒಂದು ತಪ್ಪಿದರೆ ಆರು ದಿನಗಳ ಅಂತರ, ಎರಡು ದಿನ ಒಣ. ಎರಡು ಸತತವಾಗಿ ತಪ್ಪಿದರೆ ಐದು ದಿನ ಒಣ. ಎಲ್ಲ ಸಂಭವಗಳನ್ನೂ ಕೂಡಿಸಿದರೆ ಆವರ್ತಕ್ಕೆ ಸರಾಸರಿ 0.233 ಒಣ ದಿನ ಬರುತ್ತದೆ. ಅದನ್ನು 3.33ರಿಂದ ಭಾಗಿಸಿದರೆ ಶೇ. 7, ಆ ಮನೆಯ ವಿಶ್ವಾಸಾರ್ಹತೆ ಶೇ. 93. ಸಂಪು 3,000 ಲೀಟರಿನದಾಗಿ ಆರು ದಿನ ನಡೆದರೆ, ಇದೇ ಲೆಕ್ಕ ಶೇ. 99 ಕೊಡುತ್ತದೆ. ಒಂದು ದಿನಕ್ಕಷ್ಟೇ ಸಾಲುವ ಡ್ರಮ್ಮಿನ ಮನೆಗೆ ಅದು ಶೇ. 30.

ಕೊಳವೆ ಒಂದೇ, ವಾಲ್ವ್ ಒಂದೇ, ತಪ್ಪುವ ಸರದಿಗಳೂ ಒಂದೇ. 99, 93, 30. ಪೂರೈಸುವವರ ದೃಷ್ಟಿಯಲ್ಲಿ ಮೂವರಿಗೂ ‘ಹತ್ತರಲ್ಲಿ ಒಂಬತ್ತು ಸರದಿ ತಲುಪಿದೆ’, ಆದ್ದರಿಂದ ಶೇ. 90. ನೀವು ಕೇಳಿದ 90 ಇಲ್ಲಿಂದಲೇ ಬಂದಿರಬಹುದು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2008ರ ಸೇವಾಮಟ್ಟದ ಮಾನದಂಡಗಳಲ್ಲಿ 24 ಗಂಟೆಗಳ ಪೂರೈಕೆ, ತಲಾ 135 ಲೀಟರ್, ಸೋರಿಕೆಯೂ ಸೇರಿದ ಲೆಕ್ಕಕ್ಕೆ ಸಿಗದ ನೀರು ಶೇ. 20ಕ್ಕೆ ಮೀರಬಾರದು ಎಂಬ ಗುರಿಗಳಿವೆ. ಅವೆಲ್ಲವೂ ನಗರದ ಸರಾಸರಿಗಳು. ಡ್ರಮ್ಮಿನ ಮನೆ ಸರಾಸರಿಯಲ್ಲಿ ಕಾಣಿಸುವುದಿಲ್ಲ. ಸರದಿಯನ್ನು ಮೂರು ದಿನದಿಂದ ಒಂದು ದಿನಕ್ಕೆ ತಂದು, ಬಿಡುವ ಒಟ್ಟು ನೀರನ್ನು ಅಷ್ಟೇ ಇಟ್ಟರೆ, ಡ್ರಮ್ಮಿನ ಮನೆಯ ಅಂಕಿ 30ರಿಂದ 90ಕ್ಕೆ ಏರುತ್ತದೆ. ಕಡಿಮೆ ಹೊತ್ತು, ಆದರೆ ದಿನವೂ. ಕೊಳವೆಯನ್ನು ಪ್ರತಿದಿನ ತುಂಬಿಸುವುದಕ್ಕೇ ಒಂದಿಷ್ಟು ನೀರು ಹೋಗುತ್ತದೆ ಎಂಬ ಆಕ್ಷೇಪ ನ್ಯಾಯವೇ. ಅದನ್ನು ಎರಡನೆಯ ಉತ್ತರದ ಮಾದರಿಯಲ್ಲಿ ಅಳೆಯಬಹುದು.

ಸರದಿಗಳು ಸ್ವತಂತ್ರವಾಗಿ ತಪ್ಪುತ್ತವೆ ಎಂಬ ನನ್ನ ಊಹೆ ಬೇಸಿಗೆಗೆ ಸಲ್ಲದು. ಆಗ ತಪ್ಪುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಸಂಪಿನ ಎರಡೂ ಮನೆಗಳ ಅಂಕಿಗಳು ಕೆಳಗಿಳಿಯುತ್ತವೆ, ಮತ್ತು 99ರ ಮನೆಯವರೂ ಟ್ಯಾಂಕರಿಗೆ ಫೋನ್ ಮಾಡುತ್ತಾರೆ.

ಉತ್ತರ 4: ಕೋಲಾರದಿಂದ

ತುಮಕೂರಿನವರಿಗೆ ನಾಲೆಯಾದರೂ ಇದೆ. ನಮ್ಮ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ; ಸಾವಿರ ಅಡಿಗೂ ಆಳದ ಬೋರ್‌ವೆಲ್‌ಗಳನ್ನೇ ಬಹುಕಾಲ ನಂಬಿಕೊಂಡವರು ನಾವು. ಅಂತರ್ಜಲವನ್ನು ಮಾದರಿಗೆ ಸೇರಿಸುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಕೆರೆ ಖಾಲಿಯಾದರೆ ಮುಂದಿನ ಮಳೆಗೆ ತುಂಬಬಹುದು, ಆದರೆ ಇಳುವರಿ ನಿಂತ ಬೋರ್‌ವೆಲ್ ಮರುವರ್ಷ ಎದ್ದು ಬರುತ್ತದೆ ಎಂಬ ಭರವಸೆಯಿಲ್ಲ. ‘ಹತ್ತು ಬೋರ್‌ವೆಲ್, ತಲಾ ಇಷ್ಟು ಇಳುವರಿ’ ಎಂದು 30 ವರ್ಷಕ್ಕೂ ಒಂದೇ ಅಂಕಿ ಹಾಕಿದರೆ ಚೇತರಿಕೆಯ ಸಂಖ್ಯೆ ಸುಳ್ಳೇ ಬರುತ್ತದೆ. ಇಳುವರಿಯನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತಾ ಹೋಗಿ, ಕೆಟ್ಟ ಬೋರ್‌ವೆಲ್ ಜಾಗಕ್ಕೆ ಹೊಸದನ್ನು ಕೊರೆದಾಗ ಅದರಲ್ಲಿ ನೀರು ಬೀಳದಿರುವ ಸಂಭವವನ್ನೂ ಸೇರಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಬೋರ್‌ವೆಲ್ ನೀರನ್ನು ಕುಡಿಯುವ ನೀರಿನ ಲೆಕ್ಕದಿಂದ ತೆಗೆದುಹಾಕಿ. ನಿಮ್ಮ ಜಿಲ್ಲೆಯ ಪಾವಗಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಬೆಂಗಳೂರಿನ ಕೊಳಚೆಯನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಹರಿಸುವ, 440 ಎಂ.ಎಲ್.ಡಿ. ಗಾತ್ರದ ಯೋಜನೆಯದು, ಚಿಕ್ಕಬಳ್ಳಾಪುರದ ಕಡೆಗೆ ಅಂತಹದೇ ಹೆಬ್ಬಾಳ-ನಾಗವಾರ ಯೋಜನೆಯಿದೆ. ಅಳತೆಯ ದೃಷ್ಟಿಯಿಂದ ಇದು ಕುತೂಹಲಕರ ಮೂಲ. ಬರಗಾಲದಲ್ಲೂ ಮಹಾನಗರದ ಕೊಳಚೆ ನಿಲ್ಲುವುದಿಲ್ಲವಾದ್ದರಿಂದ ಪ್ರಮಾಣದ ವಿಶ್ವಾಸಾರ್ಹತೆ ಯಾವ ನದಿಗಿಂತಲೂ ಮೇಲು. ಆದರೆ ಅದು ಕೆರೆ ತುಂಬಿಸಿ ಅಂತರ್ಜಲ ಮರುಪೂರಣ ಮಾಡುವ ನೀರೇ ಹೊರತು ನಲ್ಲಿಗೆ ಬಿಡುವ ನೀರಲ್ಲ, ಮತ್ತು ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಒತ್ತಾಯ ಇಲ್ಲಿ ಮೊದಲಿನಿಂದಲೂ ಇದೆ. ಪ್ರಮಾಣಕ್ಕೆ ಒಂದು, ಗುಣಕ್ಕೆ ಒಂದು ಎಂದು ಎರಡು ಬೇರೆ ಅಂಕಿ ಕೊಡದೆ ಇಂತಹ ಮೂಲವನ್ನು ವಿವರಿಸಲು ಬರುವುದಿಲ್ಲ.

ಬರಲಿರುವ ನೀರನ್ನು ಮೂಲ ಲೆಕ್ಕಕ್ಕೆ ಸೇರಿಸಬೇಡಿ ಎಂಬುದು ನನ್ನ ಖಚಿತ ನಿಲುವು. ಪಶ್ಚಿಮಘಟ್ಟದ ಹಳ್ಳಗಳ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ 24 ಟಿ.ಎಂ.ಸಿ.ಯ ಮಾತನ್ನು ಕೇಳುತ್ತಾ ನಮ್ಮ ಜಿಲ್ಲೆಯಲ್ಲಿ ಒಂದು ತಲೆಮಾರಿನ ಮಕ್ಕಳು ಕಾಲೇಜು ಮುಗಿಸಿದ್ದಾರೆ. ಮೊದಲ ಹಂತಕ್ಕೆ ಸಕಲೇಶಪುರದಲ್ಲಿ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಆದರೂ ಅದು ನಿಮ್ಮ ಕೆರೆಯ ಬಾಯಿಗೆ ಬಂದು, ಒಂದು ವರ್ಷ ಅಳೆದು, ಆಮೇಲೆ ಒಳಹರಿವಿನ ಕಾಲಂನಲ್ಲಿ ಬರೆಯಿರಿ. ಅಲ್ಲಿಯವರೆಗೆ ಅದು ‘ಹೀಗಾದರೆ’ ಎಂಬ ಪ್ರತ್ಯೇಕ ಓಟವಾಗಿಯೇ ಇರಲಿ.

ಪ್ರಶ್ನೆ ಕೇಳಿದವರಿಂದ: ಕ್ಯಾತಸಂದ್ರ ನಿವಾಸಿ

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲು ತೀರ್ಮಾನಿಸಿದ್ದೇವೆ. ಯಾವ ದಾಖಲೆಗಳನ್ನು ಕೇಳಬೇಕು, ಮತ್ತು ಎಷ್ಟು ನೀರಿಗಿಂತ ಕಡಿಮೆಯಾದರೆ ‘ವಿಫಲ’ ಎಂದು ಹಿಡಿಯಬೇಕು?

ಉತ್ತರ 5: ನಾಲೆಯ ಲೆಕ್ಕದವರು

ಎರಡು ಮಿತಿಗಳನ್ನು ಇಟ್ಟುಕೊಳ್ಳಿ. ತಲಾ 135 ಲೀಟರಿಗಿಂತ ಕಡಿಮೆಯಾದ ದಿನ ಕೊರತೆಯ ದಿನ. 55 ಲೀಟರಿಗಿಂತ ಕಡಿಮೆಯಾದ ದಿನ ಸಂಕಟದ ದಿನ. 55 ಎಂಬುದು ಜಲಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ಇಟ್ಟಿರುವ ಕನಿಷ್ಠ. ನಗರದಲ್ಲಿ ಅದಕ್ಕೂ ಕೆಳಗಿಳಿದ ದಿನಗಳನ್ನು ಬೇರೆಯಾಗಿ ಎಣಿಸಿದರೆ ಯಾರೂ ತಕರಾರು ತೆಗೆಯಲಾರರು.

ಅರ್ಜಿಯಲ್ಲಿ ‘ಪೂರೈಕೆಯ ವಿವರ ಕೊಡಿ’ ಎಂದು ಬರೆದರೆ ಒಂದು ಹಾಳೆಯ ಸರಾಸರಿ ಸಿಗುತ್ತದೆ. ಕಳೆದ ಐದು ವರ್ಷಗಳ ಕೆರೆಯ ದಿನವಹಿ ನೀರಿನ ಮಟ್ಟ, ಪಂಪ್‌ಹೌಸಿನ ಲಾಗ್ ಪುಸ್ತಕದಲ್ಲಿರುವ ಪಂಪ್ ಓಡಿದ ಗಂಟೆಗಳು ಮತ್ತು ವಿದ್ಯುತ್ ಇಲ್ಲದ ಗಂಟೆಗಳು, ನಾಲೆಯಿಂದ ಕೆರೆಗೆ ನೀರು ಬರಲು ಆರಂಭವಾದ ಮತ್ತು ನಿಂತ ದಿನಾಂಕಗಳು, ನಿಮ್ಮ ವಲಯದ ಓವರ್‌ಹೆಡ್ ಟ್ಯಾಂಕಿನ ತುಂಬುವಿಕೆಯ ದಾಖಲೆ ಎಂದು ಹೆಸರಿಸಿ ಕೇಳಿ. ಕೆರೆಯ ಮಟ್ಟಕ್ಕೂ ಸಂಗ್ರಹಕ್ಕೂ ಇರುವ ಪಟ್ಟಿ ಯಾವ ವರ್ಷದ ಸರ್ವೆಯದು ಎಂಬುದನ್ನೂ ಕೇಳಲು ಮರೆಯಬೇಡಿ, ಏಕೆಂದರೆ ಹೂಳು ತುಂಬುವ ಮುಂಚಿನ ಪಟ್ಟಿ ಹಿಡಿದು ಲೆಕ್ಕ ಹಾಕಿದರೆ ಇಲ್ಲದ ನೀರು ಇದೆಯೆಂದು ತೋರುತ್ತದೆ. ಯಾವ ಬೀದಿಗೆ ಎಷ್ಟು ಸುತ್ತು ಎಂಬುದಕ್ಕೆ ಅರ್ಜಿ ಹಾಕಿ ಪ್ರಯೋಜನವಿಲ್ಲ. ಅದನ್ನು ನೀರು ಬಿಡುವವರ ಪಕ್ಕದಲ್ಲಿ ನಿಂತು ನೀವೇ ಬರೆದುಕೊಳ್ಳಬೇಕು. ನಲ್ಲಿಯ ಕಡೆಯ ದಾಖಲೆ ಯಾರ ಬಳಿಯೂ ಇರುವುದಿಲ್ಲವಾದ್ದರಿಂದ, ಬೀದಿಯ ಮೊದಲ, ನಡುವಿನ ಮತ್ತು ಕೊನೆಯ ಮನೆಯವರು ಫೆಬ್ರವರಿಯಿಂದಲೇ ಕ್ಯಾಲೆಂಡರಿನಲ್ಲಿ ನೀರು ಬಂದ ಹೊತ್ತು, ನಿಂತ ಹೊತ್ತು, ಸಂಪು ಎಷ್ಟು ಇಂಚು ಏರಿತು ಎಂಬ ಮೂರು ಸಂಗತಿಗಳನ್ನು ಗುರುತಿಸಲಿ. ಮಾದರಿ ಹೇಳುವ ಮೇ ತಿಂಗಳೂ ಆ ಕ್ಯಾಲೆಂಡರಿನ ಮೇ ತಿಂಗಳೂ ಹೊಂದದಿದ್ದರೆ, ತಿದ್ದಬೇಕಾದದ್ದು ಮಾದರಿಯನ್ನು.